ಬೆಳೆ ಕಾಯುವ ಕೋವಿ: ಲೈಸೆನ್ಸು, ಕಾನೂನು ಮತ್ತು ರೈತರ ಹೊಣೆ

ಭತ್ತದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಂದಿಯ ಹಿಂಡೊಂದು ಗದ್ದೆಗಿಳಿದರೆ ಬೆಳಗಾಗುವುದರೊಳಗೆ ತಿಂಗಳುಗಟ್ಟಲೆಯ ದುಡಿಮೆ ಮಣ್ಣುಪಾಲಾಗುತ್ತದೆ. ಮುಸುಕಿನ ಜೋಳ, ಕಬ್ಬು, ಶೇಂಗಾ, ಗೆಣಸು, ಬಾಳೆ, ಎಳೆಯ ಅಡಿಕೆ ಸಸಿ, ಹೀಗೆ ಕಾಡಂಚಿನ ಯಾವ ಬೆಳೆಗೂ ಇದು ತಪ್ಪಿದ್ದಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಈ ಸಂಕಟವನ್ನು ಮಲೆನಾಡು, ಕರಾವಳಿ ಹಾಗೂ ಕಾಡಿಗೆ ಹೊಂದಿಕೊಂಡ ಬಯಲುಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾರಣದಿಂದಲೇ ಅನೇಕ ರೈತರ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ. ಕೆಲವರದು ಅಜ್ಜನ ಕಾಲದ ಕೇಪಿನ ಕೋವಿ, ಕೆಲವರದು ತೋಟಾ ಹಾಕುವ ಒಂಟಿ ನಳಿಕೆ ಅಥವಾ ಜೋಡಿ ನಳಿಕೆ ಕೋವಿ. ಕೋವಿಯೇನೋ ಇದೆ, ಲೈಸೆನ್ಸೂ ಇದೆ. ಆದರೆ ಆ ಲೈಸೆನ್ಸು ತಮಗೆ ಏನನ್ನು ಕೊಟ್ಟಿದೆ, ಏನನ್ನು ಕೊಟ್ಟಿಲ್ಲ ಎಂಬುದನ್ನು ಓದಿ ತಿಳಿದವರು ಕಡಿಮೆ. "ಜಮೀನು ನನ್ನದು, ಬೆಳೆ ನನ್ನದು, ಕೋವಿಗೆ ಲೈಸೆನ್ಸಿದೆ, ಒಳಗೆ ಬಂದ ಪ್ರಾಣಿಯನ್ನು ಹೊಡೆದರೆ ತಪ್ಪೇನು?" ಎಂಬ ಮಾತು ಊರೂರುಗಳಲ್ಲಿ ಕೇಳಿಬರುತ್ತದೆ. ಈ ಒಂದು ತಪ್ಪು ತಿಳಿವಳಿಕೆ ಪ್ರಾಮಾಣಿಕ ರೈತನನ್ನೂ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಲ್ಲದು. ಆದುದರಿಂದ ಕೋವಿ ಇರುವವರೂ, ಕೋವಿಗಾಗಿ ಅರ್ಜಿ ಹಾಕಬೇಕೆಂದಿರುವವರೂ ಮುಂದೆ ಹೇಳಿರುವ ಸಂಗತಿಗಳನ್ನು ಗಮನಿಸಬೇಕು.

ಎರಡು ಕಾನೂನು, ಎರಡು ಅನುಮತಿ

ಕೋವಿಯನ್ನು ಇಟ್ಟುಕೊಳ್ಳುವುದು, ಒಯ್ಯುವುದು, ಮಾರುವುದು, ರಿಪೇರಿ ಮಾಡುವುದು ಇವೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಒಳಪಡುತ್ತವೆ. ಅರ್ಜಿ ಮತ್ತು ಲೈಸೆನ್ಸಿನ ವಿವರಗಳು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿವೆ. ಆದರೆ ಆ ಕೋವಿಯನ್ನು ಕಾಡುಪ್ರಾಣಿಯತ್ತ ತಿರುಗಿಸಿದ ಕ್ಷಣದಿಂದ ಅನ್ವಯವಾಗುವುದು ಬೇರೆಯೇ ಕಾನೂನು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ.

ಸುಲಭವಾಗಿ ಹೇಳುವುದಾದರೆ ಕೋವಿಗೆ ಒಂದು ಕಾಗದ, ಪ್ರಾಣಿಗೆ ಹೊಡೆಯುವ ಗುಂಡಿಗೆ ಇನ್ನೊಂದು ಕಾಗದ. ಮೊದಲನೆಯದನ್ನು ಕೊಡುವವರು ಜಿಲ್ಲಾಧಿಕಾರಿಗಳು. ಎರಡನೆಯದನ್ನು ಕೊಡುವವರು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗಳು. ಒಂದು ಕಾಗದ ಕೈಯಲ್ಲಿದ್ದರೆ ಇನ್ನೊಂದೂ ಇದ್ದಂತೆ ಎಂದು ಭಾವಿಸಬಾರದು. ಈ ಲೇಖನದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದೇ.

ಲೈಸೆನ್ಸು ಯಾರಿಗೆ ಸಿಗುತ್ತದೆ?

ರೈತರಿಗೆ ಅನುಕೂಲವಾದ ಒಂದು ಅಂಶ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿದೆ. ನಿಜವಾಗಿಯೂ ಬೆಳೆ ರಕ್ಷಣೆಗಾಗಿ ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯಂಥದನ್ನು ಕೇಳಿದ ನಾಗರಿಕನಿಗೆ ಲೈಸೆನ್ಸು ಕೊಡಬೇಕು ಎಂದು ಅದು ಹೇಳುತ್ತದೆ. ನಿರಾಕರಿಸಲು ಕಾಯ್ದೆಯಲ್ಲೇ ಹೇಳಿರುವ ಕಾರಣ ಇರಬೇಕು. ಕೇಪಿನ ಕೋವಿಯಿಂದ ಬೆಳೆ ಕಾಯಲು ಸಾಧ್ಯವಿಲ್ಲವೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಕೆಯ ಬೇರೆ ಕೋವಿಗೂ ಲೈಸೆನ್ಸು ಕೊಡಬಹುದು. ಆದ್ದರಿಂದ ತೋಟಾ ಕೋವಿ ಬೇಕೆನ್ನುವವರು ಅದು ಏಕೆ ಬೇಕೆಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ ಎಂದು 14ನೇ ಕಲಮು ಹೇಳುತ್ತದೆ. ಎರಡು ಎಕರೆಯ ರೈತನೂ ಇಪ್ಪತ್ತು ಎಕರೆಯ ರೈತನೂ ಈ ವಿಷಯದಲ್ಲಿ ಸಮಾನರು.

ಆದರೆ ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಹಿಂಸೆಯ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದವರಿಗೆ ಶಿಕ್ಷೆ ಮುಗಿದು ಐದು ವರ್ಷ ಕಳೆಯುವವರೆಗೆ ನಿರ್ಬಂಧವಿದೆ. ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೂ ಲೈಸೆನ್ಸು ಸಿಗದು.

2019ರ ತಿದ್ದುಪಡಿಯಿಂದ ಎರಡು ಮುಖ್ಯ ಬದಲಾವಣೆಗಳಾಗಿವೆ. ಮೊದಲು ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಾಗಿತ್ತು. ಈಗ ಎರಡಕ್ಕೆ ಮಾತ್ರ ಅವಕಾಶ. ಹಿರಿಯರಿಂದ ಬಂದ ಕೋವಿಯೂ ಈ ಲೆಕ್ಕದಲ್ಲಿ ಸೇರುತ್ತದೆ. ಎರಡನೆಯದಾಗಿ, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಅರ್ಜಿ ಸಲ್ಲಿಸುವ ಕ್ರಮ

ಅರ್ಜಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಪೊಲೀಸ್ ಆಯುಕ್ತರಿರುವ ನಗರಗಳ ವ್ಯಾಪ್ತಿಯಲ್ಲಿ ಆಯುಕ್ತರೇ ಲೈಸೆನ್ಸು ಅಧಿಕಾರಿಗಳು. ಅರ್ಜಿ ಹಾಕುವ ಮುನ್ನ ಈ ಕೆಳಗಿನವುಗಳನ್ನು ಸಿದ್ಧಪಡಿಸಿಕೊಳ್ಳಿ.

1. ವಯಸ್ಸು, ಗುರುತು ಮತ್ತು ವಾಸಸ್ಥಳದ ದಾಖಲೆಗಳು.
2. ಜಮೀನಿನ ಪಹಣಿ ಮತ್ತು ಬೆಳೆಯ ವಿವರ.
3. ದೇಹ ಮತ್ತು ಮನಸ್ಸು ಆರೋಗ್ಯವಾಗಿದೆ, ಮಾದಕ ವಸ್ತುಗಳ ಚಟವಿಲ್ಲ ಎಂಬ ವೈದ್ಯರ ಪ್ರಮಾಣಪತ್ರ.
4. ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದ ಪ್ರಮಾಣಪತ್ರ. 2016ರ ನಿಯಮಗಳ ಪ್ರಕಾರ ಈ ತರಬೇತಿ ಅಗತ್ಯ.
5. ಹಿಂದೆ ಪ್ರಾಣಿಗಳಿಂದ ಬೆಳೆ ಹಾನಿಯಾಗಿದ್ದರೆ ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಅಥವಾ ಪರಿಹಾರದ ಅರ್ಜಿಯ ಪ್ರತಿ. ಇದು ನಿಮ್ಮ ಅಗತ್ಯವನ್ನು ಮನಗಾಣಿಸಲು ನೆರವಾಗುತ್ತದೆ.

ಅರ್ಜಿ ಬಂದ ಮೇಲೆ ಅಧಿಕಾರಿಗಳು ನಿಮ್ಮ ಠಾಣೆಯಿಂದ ವರದಿ ತರಿಸುತ್ತಾರೆ. ಠಾಣೆಯ ವರದಿ ನಿಗದಿತ ಅವಧಿಯಲ್ಲಿ ಬರದಿದ್ದರೆ ಅದಕ್ಕಾಗಿ ಕಾಯದೆ ಆದೇಶ ಹೊರಡಿಸುವ ಅಧಿಕಾರವೂ ಅವರಿಗಿದೆ. ಅರ್ಜಿ ತಿರಸ್ಕೃತವಾದರೆ ಎದೆಗುಂದಬೇಡಿ. ತಿರಸ್ಕಾರದ ಕಾರಣಗಳನ್ನು ಬರಹದಲ್ಲಿ ದಾಖಲಿಸುವುದು ಕಡ್ಡಾಯ. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವ ಪ್ರಸಂಗ ಬಿಟ್ಟರೆ, ಕೇಳಿದಾಗ ಅದರ ಸಾರಾಂಶವನ್ನು ನಿಮಗೆ ಕೊಡಬೇಕು. 18ನೇ ಕಲಮಿನ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು. ಆದೇಶ ಬಂದ ದಿನದಿಂದ 30 ದಿನಗಳ ಒಳಗೆ ಅದನ್ನು ಸಲ್ಲಿಸಿಬಿಡಿ.

ಲೈಸೆನ್ಸು ಕೈಗೆ ಬಂದ ಕೂಡಲೇ ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ಕೋವಿಯ ಸಂಖ್ಯೆ, ಇಟ್ಟುಕೊಳ್ಳಬಹುದಾದ ಮದ್ದು ಅಥವಾ ತೋಟಾಗಳ ಪ್ರಮಾಣ, ಲೈಸೆನ್ಸು ಅನ್ವಯಿಸುವ ಪ್ರದೇಶ, ಮುಗಿಯುವ ದಿನಾಂಕ ಇವನ್ನು ಓದಿ ನೋಡಿ. ಇಂದು ಪ್ರತಿ ಲೈಸೆನ್ಸಿಗೂ ರಾಷ್ಟ್ರಮಟ್ಟದ ದಾಖಲೆಯ ಒಂದು ಗುರುತಿನ ಸಂಖ್ಯೆ ಇರಬೇಕು. ಹಳೆಯ ಪುಸ್ತಕದಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಲೈಸೆನ್ಸು ಊರ್ಜಿತವಲ್ಲ. ಕೂಡಲೇ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ನವೀಕರಣದ ಅರ್ಜಿಯನ್ನು ಕೊನೆಯ ದಿನಕ್ಕೆ ಬಿಡದೆ, ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಹಾಕುವುದು ಜಾಣತನ. ಲೈಸೆನ್ಸಿಲ್ಲದ ಕೋವಿ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಎರಡರಿಂದ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಆಗಬಹುದು.

ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ

ನಿಮ್ಮ ಮನೆ ಭದ್ರಾ, ಶರಾವತಿ, ಮೂಕಾಂಬಿಕಾ, ಸೋಮೇಶ್ವರ, ಪುಷ್ಪಗಿರಿಯಂಥ ಅಭಯಾರಣ್ಯದ ಅಥವಾ ಕುದುರೆಮುಖ, ನಾಗರಹೊಳೆ, ಬಂಡೀಪುರದಂಥ ರಾಷ್ಟ್ರೀಯ ಉದ್ಯಾನದ ಒಳಗೆ ಇಲ್ಲವೆ ಅದರ ಗಡಿಯಿಂದ 10 ಕಿಲೋಮೀಟರಿನೊಳಗೆ ಇದೆಯೇ? ಹಾಗಿದ್ದಲ್ಲಿ ವನ್ಯಜೀವಿ ಕಾಯ್ದೆಯ 34ನೇ ಕಲಮು ನಿಮಗೆ ಅನ್ವಯಿಸುತ್ತದೆ. ಲೈಸೆನ್ಸಿನ ಕೋವಿ ಇರುವವರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಹೊಸ ಲೈಸೆನ್ಸು ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ಇಂಥ ಊರುಗಳ ರೈತರ ಅರ್ಜಿ ತಡವಾಗುವುದಕ್ಕೆ ಈ ಸಮ್ಮತಿಯೂ ಒಂದು ಕಾರಣ. ಅರ್ಜಿ ಎಲ್ಲಿ ನಿಂತಿದೆ ಎಂಬುದನ್ನು ಎರಡೂ ಕಚೇರಿಗಳಲ್ಲಿ ವಿಚಾರಿಸುತ್ತಿರಬೇಕು.

ಅಭಯಾರಣ್ಯದ ಒಳಗೆ ಬರಹದ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ಅಂಥ ಕಾಡನ್ನು ಹಾದು ಹೋಗುವ ಹಾದಿ ಹತ್ತಿರವೆಂದು ಕೋವಿ ಹೆಗಲಿಗೇರಿಸಿ ನಡೆಯಬೇಡಿ. ಲೈಸೆನ್ಸು ಜೇಬಿನಲ್ಲಿದ್ದರೂ ಅದು ತಪ್ಪೇ.

ಕೆಲಸದ ಜಾಗದಲ್ಲಿ ಕೋವಿ

ರೈತನಿಗೆ ಹೊಲ, ಗದ್ದೆ, ತೋಟಗಳೇ ಕೆಲಸದ ಜಾಗ. ಬೆಳೆ ರಕ್ಷಣೆಯ ಲೈಸೆನ್ಸು ಇರುವುದು ಆ ಜಾಗಕ್ಕಾಗಿ, ಆ ಉದ್ದೇಶಕ್ಕಾಗಿ. ಅದರಲ್ಲಿ ಬರೆದಿರುವ ಪ್ರದೇಶವನ್ನು ಮೀರಿ ಪೇಟೆಗೆ, ಸಂತೆಗೆ, ನೆಂಟರ ಮನೆಗೆ, ನೀವು ಸಂಬಳಕ್ಕೆ ದುಡಿಯುವ ಎಸ್ಟೇಟಿಗೆ ಅಥವಾ ಕಾರ್ಖಾನೆಗೆ ಕೋವಿಯನ್ನು ಒಯ್ಯಬಾರದು. ಲೈಸೆನ್ಸಿನ ಷರತ್ತು ಮುರಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಲೈಸೆನ್ಸು ರದ್ದಾಗುವ ಸಂಭವವೂ ಇದೆ.

ಮನೆಯಿಂದ ತೋಟಕ್ಕೆ ಹೋಗುವಾಗ ರಸ್ತೆ ದಾಟಬೇಕಾದರೆ ಕೋವಿ ಖಾಲಿಯಿರಲಿ, ಚೀಲದಲ್ಲಿ ಪೂರ್ತಿ ಮುಚ್ಚಿರಲಿ. ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಮುಚ್ಚಿಯೇ ಒಯ್ಯಬೇಕೆಂಬುದು ನಿಯಮ. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಸಂತೋಷಕ್ಕೆಂದು ಈಡು ಹಾರಿಸಬೇಡಿ. ಹಾಗೆ ಹಾರಿಸಿ ಇನ್ನೊಬ್ಬರ ಪ್ರಾಣಕ್ಕೆ ಅಪಾಯ ತಂದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುವ ಉಪಬಂಧ 2019ರಲ್ಲಿ ಕಾಯ್ದೆಗೆ ಸೇರಿದೆ.

ಇನ್ನೊಂದು ಮುಖ್ಯ ಪ್ರಶ್ನೆ: ಕೋವಿಯನ್ನು ಆಳಿನ ಕೈಗೆ ಕೊಡಬಹುದೇ? ಲೈಸೆನ್ಸುದಾರರ ಸಮಕ್ಷಮದಲ್ಲಿ ಅಥವಾ ಅವರ ಬರಹದ ಅಧಿಕಾರಪತ್ರದ ಮೇಲೆ ರಿಪೇರಿಗೆ, ಲೈಸೆನ್ಸು ನವೀಕರಣಕ್ಕೆ ಅಥವಾ ಲೈಸೆನ್ಸುದಾರರ ಬಳಕೆಗೆಂದು ಇನ್ನೊಬ್ಬರು ಕೋವಿಯನ್ನು ಹೊತ್ತು ತರಬಹುದು. ಅಷ್ಟಕ್ಕೇ ಅವಕಾಶ. "ಈ ರಾತ್ರಿ ನೀನೇ ಕಾವಲಿರು" ಎಂದು ತೋಟದ ಕಾವಲುಗಾರನಿಗೋ, ತಮ್ಮನಿಗೋ, ಮಗನಿಗೋ ಕೋವಿ ಕೊಟ್ಟು ಮಲಗುವಂತಿಲ್ಲ. ಇನ್ನೊಬ್ಬರು ಬಳಸಬೇಕಾದರೆ ಅವರ ಹೆಸರು ಲೈಸೆನ್ಸಿನಲ್ಲಿ ಸೇರಿರಬೇಕು. ಸೇರಿಸಲು ಸಾಧ್ಯವೇ ಎಂಬುದನ್ನು ಲೈಸೆನ್ಸು ಕೊಟ್ಟ ಕಚೇರಿಯಲ್ಲೇ ಕೇಳಿ ತಿಳಿಯಿರಿ.

ಯಾರು ಕೇಳಿದರೆ ತೋರಿಸಬೇಕು?

ಕೋವಿ ಹಿಡಿದಿರುವಾಗ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಲೈಸೆನ್ಸು ತೋರಿಸಬೇಕು. ಇದು ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಮು. ತೋರಿಸದಿದ್ದರೆ ಅವರು ಕೋವಿಯನ್ನು ವಶಪಡಿಸಿಕೊಳ್ಳಬಹುದು. ವನ್ಯಜೀವಿ ಅಪರಾಧದ ಅನುಮಾನವಿದ್ದಾಗ ಅರಣ್ಯ ಅಧಿಕಾರಿಗಳಿಗೂ ತಪಾಸಣೆಯ ಅಧಿಕಾರವಿದೆ. ಆದುದರಿಂದ ರಾತ್ರಿ ಕಾವಲಿಗೆ ಹೋಗುವಾಗ ಲೈಸೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೊತೆಗೊಯ್ಯಿರಿ.

ಇವರನ್ನು ಬಿಟ್ಟು ನೆರೆಯವರು, ದಲ್ಲಾಳಿಗಳು, ವ್ಯಾಪಾರಿಗಳು, ಊರಿಗೆ ಬಂದ ಅಪರಿಚಿತರು ಕೇಳಿದರೆಂದು ಕೋವಿಯನ್ನಾಗಲಿ ಲೈಸೆನ್ಸನ್ನಾಗಲಿ ತೋರಿಸಬೇಕಾಗಿಲ್ಲ. ನಿಮ್ಮ ವಿವರಗಳು ಸರಕಾರದ ದಾಖಲೆಯಲ್ಲಿರುವುದು ನಿಜ. ಆದರೆ ವ್ಯಕ್ತಿಯ ಖಾಸಗಿ ವಿವರಗಳನ್ನು ಬಹಿರಂಗಪಡಿಸದಿರಲು 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿನಲ್ಲಿ ಅವಕಾಶವಿದೆ. ಕಾನೂನು ಕೊಟ್ಟ ಈ ಮರೆಯನ್ನು ನಾವೇ ತೆರೆದಿಟ್ಟರೆ ಪ್ರಯೋಜನವಿಲ್ಲ. ಜಗಲಿಯ ಗೋಡೆಗೆ ಕೋವಿ ತೂಗುಹಾಕುವುದು, ಕೋವಿ ಹಿಡಿದು ತೆಗೆಸಿಕೊಂಡ ಚಿತ್ರವನ್ನು ಮೊಬೈಲಿನಲ್ಲಿ ಹತ್ತು ಜನರಿಗೆ ಕಳಿಸುವುದು ಎರಡೂ ಕಳ್ಳರಿಗೆ ದಾರಿ ತೋರಿಸಿದಂತೆ. ಕಳುವಾದ ಕೋವಿಯಿಂದ ಏನಾದರೂ ಅನಾಹುತವಾದರೆ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೆ.

ಕೋವಿಯನ್ನು ಬೀಗವಿರುವ ಗಟ್ಟಿ ಪೆಟ್ಟಿಗೆಯಲ್ಲಿಡಿ. ಮದ್ದು, ಕೇಪು, ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ ಇರಲಿ; ಒಲೆಯಿಂದ, ದೀಪದಿಂದ ದೂರವಿರಲಿ. ಮನೆಯಲ್ಲಿ ಮನಸ್ಸು ಕಂಗೆಟ್ಟವರು, ಕುಡಿತಕ್ಕೆ ಬಿದ್ದವರು ಯಾರಾದರೂ ಇದ್ದರೆ ಕೀಲಿಕೈಯನ್ನು ಅವರ ಕೈಗೆ ಸಿಗದಂತೆ ಇಟ್ಟುಕೊಳ್ಳಿ. ಸಾಲದ ಹೊರೆ, ಬೆಳೆನಾಶ, ಮನೆಯ ಜಗಳಗಳಿಂದ ನೊಂದ ಜೀವಕ್ಕೆ ಕೋವಿ ಹತ್ತಿರವಿರಬಾರದು. ಅಂಥ ದಿನಗಳಲ್ಲಿ ಅದನ್ನು ಠಾಣೆಯಲ್ಲೋ ಲೈಸೆನ್ಸಿರುವ ಕೋವಿ ಅಂಗಡಿಯಲ್ಲೋ ಇರಿಸುವ ಬಗ್ಗೆ ಠಾಣೆಯಲ್ಲಿ ಕೇಳಿ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಕೋವಿ ಕಳುವಾದರೆ ತಡಮಾಡದೆ ಠಾಣೆಗೆ ದೂರು ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಿ.

ಪ್ರಾಣಿಯ ಮೇಲೆ ಗುಂಡು ಹಾರಿಸುವ ಮುನ್ನ

ಈಗ ಎರಡನೆಯ ಕಾಗದದ ವಿಷಯಕ್ಕೆ ಬರೋಣ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ರಕ್ಷಿತ ಪ್ರಾಣಿಗಳು ಒಂದನೇ ಮತ್ತು ಎರಡನೇ ಅನುಸೂಚಿಗಳಲ್ಲಿ ಬರುತ್ತವೆ. ಆನೆ, ಹುಲಿ, ಚಿರತೆ, ನವಿಲು ಮೊದಲಾದವು ಒಂದನೇ ಅನುಸೂಚಿಯಲ್ಲಿವೆ. ಕಾಡುಹಂದಿ ಎರಡನೆಯದರಲ್ಲಿದೆ. ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿ ಕಾರಣಗಳನ್ನು ನಮೂದಿಸಿ ಅದನ್ನು ಹೊಡೆಯಲು ಬರಹದಲ್ಲಿ ಆದೇಶ ಕೊಡಬಹುದು. ಇದು 11ನೇ ಕಲಮು. ಒಂದನೇ ಅನುಸೂಚಿಯ ಪ್ರಾಣಿಗಳಿಗೆ ಬೆಳೆ ಹಾನಿಯ ಕಾರಣ ಅನ್ವಯಿಸುವುದಿಲ್ಲ.

ಅಂದರೆ ಕಾನೂನು ರೈತನಿಗೆ ಬಾಗಿಲು ಮುಚ್ಚಿಲ್ಲ. ಆದರೆ ಬಾಗಿಲು ತಟ್ಟಿ ಅನುಮತಿ ಪಡೆದ ಮೇಲೆಯೇ ಒಳಹೋಗಬೇಕು. ಪದೇ ಪದೇ ಹಾನಿಯಾಗುತ್ತಿದ್ದರೆ ಒಬ್ಬೊಬ್ಬರೇ ಹೋಗುವುದಕ್ಕಿಂತ ಊರಿನವರೆಲ್ಲ ಸೇರಿ, ಪಂಚಾಯಿತಿಯ ಮೂಲಕ, ಹಾನಿಯ ಚಿತ್ರ ಮತ್ತು ಸರ್ವೆ ನಂಬರುಗಳ ಸಹಿತ ವಲಯ ಅರಣ್ಯಾಧಿಕಾರಿಗಳಿಗೆ ಮನವಿ ಕೊಡುವುದು ಉತ್ತಮ.

ಗಡಿಜಿಲ್ಲೆಗಳ ರೈತರಿಗೆ ಒಂದು ಎಚ್ಚರಿಕೆಯ ಮಾತು. ಕೇರಳ ಸರಕಾರವು 2022ರಲ್ಲಿ ಕಾಡುಹಂದಿ ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಆ ಏರ್ಪಾಡು ಕೇರಳದ ಗಡಿಯೊಳಗೆ ಮಾತ್ರ. ಗಡಿಯಾಚೆಯ ನೆಂಟರು ಹೇಳಿದರೆಂದು ಇಲ್ಲಿ ಗುಂಡು ಹಾರಿಸಬೇಡಿ.

ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯಗೊಳಿಸುವುದು, ವಿಷವಿಡುವುದು, ಉರುಳು ಹಾಕುವುದು, ಹಾಗೆ ಮಾಡಲು ಯತ್ನಿಸುವುದು ಇವೂ ಬೇಟೆಯೇ. ಆದೇಶದ ಮೇಲೆ ಹೊಡೆದ ಪ್ರಾಣಿಯೂ ಸರಕಾರದ ಸ್ವತ್ತು. ಅದನ್ನು ಮನೆಗೆ ತಂದು ಹಂಚಿಕೊಂಡರೆ ನ್ಯಾಯವಾಗಿ ಮಾಡಿದ ಕೆಲಸವೂ ಅಪರಾಧವಾಗುತ್ತದೆ. ಪ್ರಾಣಿ ಮೈಮೇಲೆ ಎರಗಿದಾಗ ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದ್ಭಾವನೆಯಿಂದ ಹೊಡೆದರೆ ಅದು ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ನೀವು ಕಾಯ್ದೆಗೆ ವಿರುದ್ಧವಾದ ಕೆಲಸದಲ್ಲಿ ತೊಡಗಿದ್ದರೆ ಈ ರಕ್ಷಣೆ ದೊರೆಯದು. ಬೆಳೆಯನ್ನು ಉಳಿಸಲು ಹೊಡೆದದ್ದು ಜೀವರಕ್ಷಣೆಯ ಲೆಕ್ಕಕ್ಕೆ ಬಾರದು.

ಹಾಗಾದರೆ ಆದೇಶವಿಲ್ಲದಾಗ ಕೋವಿಯಿಂದ ಏನು ಉಪಯೋಗ? ಹೆದರಿಸುವುದೇ ಅದರ ಉಪಯೋಗ. ಹಿಂದಿನವರು ಕೇಪಿನ ಕೋವಿಗೆ ಗುಂಡು ಅಥವಾ ಚರೆ ಹಾಕದೆ ಬರಿಯ ಮದ್ದಿನ ಈಡು ಹಾರಿಸಿ ಹಂದಿಯನ್ನು ಓಡಿಸುತ್ತಿದ್ದರು. ಶಬ್ದಕ್ಕಾಗಿ ಇಂದಿಗೂ ಅದೇ ಸರಿಯಾದ ದಾರಿ. ಹೀಗೆ ಹಾರಿಸುವಾಗಲೂ ನಳಿಕೆಯ ಬಾಯಿ ಜನವಸತಿಯ ಕಡೆಗಾಗಲಿ ಒಣಹುಲ್ಲಿನ ಕಡೆಗಾಗಲಿ ಇರಬಾರದು.

ರಾತ್ರಿ ಕಾವಲಿನಲ್ಲಿ ಎಚ್ಚರ

ಕತ್ತಲೆಯಲ್ಲಿ ಪೊದೆ ಅಲುಗಿತೆಂದು ಹಾರಿಸಿದ ಗುಂಡು ಮನುಷ್ಯನಿಗೆ ತಗಲಿದರೆ ಅದನ್ನು ಹಿಂದಕ್ಕೆ ಕರೆಯಲಾಗದು. ಪೊದೆಯ ಹಿಂದೆ ಇರುವವರು ನೀರು ತಿರುಗಿಸಲು ಬಂದ ಪಕ್ಕದ ಗದ್ದೆಯವರಾಗಿರಬಹುದು. ಇನ್ನೊಂದು ಮಗ್ಗುಲಲ್ಲಿ ಕಾವಲು ಕೂತ ನಿಮ್ಮ ಸ್ವಂತ ಅಣ್ಣನೇ ಆಗಿರಬಹುದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸವಿದೆ. ಸೆರೆವಾಸ ಒಂದು ದಿನ ಮುಗಿದೀತು. ಒಂದೇ ಊರಿನಲ್ಲಿ ಆ ಮನೆಯವರ ಮುಖ ನೋಡಿಕೊಂಡು ಬದುಕುವ ಶಿಕ್ಷೆಗೆ ಅವಧಿಯಿಲ್ಲ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಿ.

1. ಕಾವಲಿಗೆ ಹೋಗುವ ಮುನ್ನ ಅಕ್ಕಪಕ್ಕದ ಜಮೀನಿನವರಿಗೆ ಹೇಳಿ ಹೋಗಿ. ಯಾರು ಯಾವ ಕಡೆ ಇರುತ್ತಾರೆ ಎಂಬುದನ್ನು ಹಗಲಿನಲ್ಲೇ ಗೊತ್ತುಮಾಡಿಕೊಳ್ಳಿ.
2. ಬಿಳಿಯ ಅಥವಾ ತಿಳಿಬಣ್ಣದ ಬಟ್ಟೆ ತೊಡಿ. ಕಪ್ಪು ಕಂಬಳಿ ಹೊದ್ದು ಪೊದೆಯ ಮರೆಯಲ್ಲಿ ಕೂರಬೇಡಿ.
3. ಬ್ಯಾಟರಿ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣದ ಯಾವುದರತ್ತಲೂ ಕೋವಿ ತಿರುಗಿಸಬೇಡಿ. ಮೊದಲು ಕೂಗಿ ಕೇಳಿ.
4. ಬೇಲಿ ದಾಟುವಾಗ, ಸಂಕ ದಾಟುವಾಗ, ಅಟ್ಟಣೆ ಹತ್ತಿ ಇಳಿಯುವಾಗ ಕೋವಿ ಖಾಲಿಯಿರಲಿ.
5. ಕುಡಿದು ಕೋವಿ ಮುಟ್ಟಬೇಡಿ. ಮದ್ದು ತುಂಬುವಾಗ ಬೀಡಿ ಹೊತ್ತಿಸಬೇಡಿ.
6. ಹಳೆಯ ಕೋವಿಯ ನಳಿಕೆ ತುಕ್ಕು ಹಿಡಿದಿದ್ದರೆ, ಬಿರುಕು ಬಿಟ್ಟಿದ್ದರೆ ಬಳಸದೆ ಲೈಸೆನ್ಸಿರುವ ರಿಪೇರಿಗಾರರಿಗೆ ತೋರಿಸಿ. ಊರ ಕಮ್ಮಾರನಿಂದ ಮಾಡಿಸಬೇಡಿ.
7. ಪ್ರಾಣಿ ಎಡವಿದಾಗ ತಾನೇ ಹಾರುವಂತೆ ದಾರ ಕಟ್ಟಿ ಕೋವಿ ಇಡುವುದು, ಸಿಡಿಮದ್ದಿನ ಉಂಡೆ ಇಡುವುದು ಎಂದಿಗೂ ಬೇಡ. ಅವು ಹಂದಿ, ದನ, ಮಕ್ಕಳೆಂಬ ಭೇದ ನೋಡುವುದಿಲ್ಲ.

ಚುನಾವಣೆ ಬಂದಾಗ

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠೇವಣಿ ಇಡುವಂತೆ ಆದೇಶ ಬರುವುದುಂಟು. ಬೆಳೆ ಕೊಯ್ಲಿಗೆ ಬಂದಾಗಲೇ ಚುನಾವಣೆಯೂ ಬಂದರೆ ರೈತನಿಗೆ ಇಕ್ಕಟ್ಟು. ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲೆಯ ಪರಿಶೀಲನಾ ಸಮಿತಿಯು ಲೈಸೆನ್ಸುಗಳನ್ನು ಪರಾಮರ್ಶಿಸುತ್ತದೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಹಿಂದೆ ಗಲಭೆಗಳಲ್ಲಿ ಭಾಗಿಯಾದವರು ಇಂಥವರ ಕಡೆ ಅದರ ಗಮನ ಹೆಚ್ಚು. ನಿಮಗೆ ವಿನಾಯಿತಿ ಬೇಕಾದರೆ ಪಹಣಿ ಮತ್ತು ಬೆಳೆಯ ವಿವರ ಸಹಿತ ಈ ಸಮಿತಿಗೆ ಮುಂಚಿತವಾಗಿಯೇ ಮನವಿ ಸಲ್ಲಿಸಿ. ವಿನಾಯಿತಿ ಸಿಗದಿದ್ದರೆ ಆದೇಶ ಪಾಲಿಸಿ, ಕೋವಿ ಒಪ್ಪಿಸಿ ರಸೀತಿ ಪಡೆಯಿರಿ. ಫಲಿತಾಂಶ ಪ್ರಕಟವಾಗಿ ಒಂದು ವಾರ ಕಳೆದ ಮೇಲೆ ಕೋವಿಯನ್ನು ಹಿಂದಿರುಗಿಸಬೇಕು. ರಸೀತಿ ತೋರಿಸಿ ಕೇಳಿ ಪಡೆಯುವುದು ನಿಮ್ಮ ಹಕ್ಕು.

ಲೈಸೆನ್ಸುದಾರರು ತೀರಿಕೊಂಡರೆ

ತಂದೆಯ ಜಮೀನು ಮಕ್ಕಳಿಗೆ ಬಂದಂತೆ ಲೈಸೆನ್ಸು ತಾನಾಗಿ ಬರುವುದಿಲ್ಲ. ತಂದೆ ತೀರಿಕೊಂಡು ವರ್ಷಗಳಾದರೂ ಅಟ್ಟದ ಮೇಲೆ ಅವರ ಕೋವಿ ಹಾಗೇ ಬಿದ್ದಿದ್ದರೆ ಅದು ಲೈಸೆನ್ಸಿಲ್ಲದ ಕೋವಿ. ವಿಷಯವನ್ನು ಕೂಡಲೇ ಠಾಣೆಗೆ ತಿಳಿಸಿ, ಕೋವಿಯನ್ನು ಠಾಣೆಯಲ್ಲಿ ಅಥವಾ ಲೈಸೆನ್ಸಿರುವ ಅಂಗಡಿಯಲ್ಲಿ ಠೇವಣಿ ಇಟ್ಟು, ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸು ಕೇಳಬೇಕು. ಠೇವಣಿಯಿಟ್ಟು ಮರೆತರೂ ಅವಧಿ ಮೀರಿ ಕೋವಿ ಸರಕಾರಕ್ಕೆ ಜಪ್ತಾಗಬಹುದು. ಲೈಸೆನ್ಸುದಾರರಿಗೆ 70 ವರ್ಷವಾದಾಗ ಅಥವಾ ಅವರು ಕೋವಿ ಹೊಂದಿ 25 ವರ್ಷವಾದಾಗ ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸು ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ವಯಸ್ಸಾದ ರೈತರು ಇದನ್ನು ಬಳಸಿಕೊಂಡರೆ ಮಕ್ಕಳಿಗೆ ಅಲೆದಾಟ ತಪ್ಪುತ್ತದೆ.

ಕೊಡಗಿನ ರೈತರಿಗೆ

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರಕಾರದ 2019ರ ಅಕ್ಟೋಬರ್ 29ರ ಅಧಿಸೂಚನೆಯಂತೆ ಇದು 2029ರ ಅಕ್ಟೋಬರ್ 31ರವರೆಗೆ ಇರುತ್ತದೆ. ಈ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಇದು ಮೊದಲನೆಯ ಕಾಗದದಿಂದ ಮಾತ್ರ ವಿನಾಯಿತಿ, ಎರಡನೆಯದರಿಂದಲ್ಲ. ವನ್ಯಜೀವಿ ಕಾಯ್ದೆ ಜಮ್ಮಾ ಕೋವಿಗೂ ಅಷ್ಟೇ ಅನ್ವಯ. ಅಭಯಾರಣ್ಯದ ಹತ್ತು ಕಿಲೋಮೀಟರಿನೊಳಗಿನ ನೋಂದಣಿಯ ನಿಯಮ ವಿನಾಯಿತಿ ಪಡೆದವರಿಗೂ ಇದೆ.

ಕೋವಿಯೊಂದೇ ದಾರಿಯಲ್ಲ

ಕೋವಿ ಇದ್ದ ಮಾತ್ರಕ್ಕೆ ಬೆಳೆ ಉಳಿಯುವುದಿಲ್ಲ. ಸರಿಯಾಗಿ ಹಾಕಿದ ಸೌರಬೇಲಿ ನೀವು ನಿದ್ದೆ ಮಾಡುವಾಗಲೂ ಕಾವಲಿರುತ್ತದೆ. ಅದು ಕೊಡುವುದು ಕ್ಷಣಮಾತ್ರದ ಹೊಡೆತ, ಪ್ರಾಣ ಹೋಗುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಅಪರಾಧ, ಪ್ರಾಣಾಂತಿಕ. ಬೇಲಿಯ ಬುಡದ ಕಳೆ ಸವರುವುದು, ಅಕ್ಕಪಕ್ಕದವರು ಸೇರಿ ಒಂದೇ ಸುತ್ತುಬೇಲಿ ಹಾಕುವುದು, ಸರದಿಯ ಮೇಲೆ ಕಾವಲು ಕಾಯುವುದು ಇವು ಖರ್ಚನ್ನೂ ಆಯಾಸವನ್ನೂ ಹಂಚುತ್ತವೆ. ಹಾನಿಯಾದ ಮೇಲೆ ತಡಮಾಡದೆ ಚಿತ್ರ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಈ ಅರ್ಜಿಗಳಿಗಾಗಿ ಇಲಾಖೆಯ ಇ-ಪರಿಹಾರ ವ್ಯವಸ್ಥೆ ಇದೆ. ಸಿಗುವ ಹಣ ನಷ್ಟಕ್ಕೆ ಸಮವಲ್ಲ ಎಂದು ಅರ್ಜಿ ಹಾಕದಿದ್ದರೆ ನಿಮ್ಮ ಊರಿನ ಕಷ್ಟ ಯಾವ ದಾಖಲೆಯಲ್ಲೂ ಸೇರುವುದಿಲ್ಲ. ನಾಳೆ ಹಂದಿ ಹೊಡೆಯುವ ಆದೇಶ ಕೇಳುವಾಗ, ಕೋವಿ ಲೈಸೆನ್ಸು ಕೇಳುವಾಗ ನಿಮ್ಮ ಪರವಾಗಿ ಮಾತನಾಡುವುದು ಆ ದಾಖಲೆಯೇ.

ರೈತ ಬಾಂಧವರೇ, ಇಂದು ಸಂಜೆಯೇ ನಿಮ್ಮ ಲೈಸೆನ್ಸನ್ನು ಪೆಟ್ಟಿಗೆಯಿಂದ ಹೊರತೆಗೆಯಿರಿ. ಅದರಲ್ಲಿ ಗುರುತಿನ ಸಂಖ್ಯೆ ಇದೆಯೇ? ಅವಧಿ ಮುಗಿದಿಲ್ಲವಷ್ಟೆ? ಯಾವ ಪ್ರದೇಶಕ್ಕೆ ಅನ್ವಯವೆಂದು ಬರೆದಿದೆ? ಯಾರ ಹೆಸರಿದೆ? ಈ ನಾಲ್ಕನ್ನು ನೋಡಿ. ಏನಾದರೂ ಲೋಪವಿದ್ದರೆ ನಾಳೆಯೇ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಬೆಳೆಯನ್ನು ಉಳಿಸಿಕೊಳ್ಳಲೆಂದು ಇಟ್ಟುಕೊಂಡ ಕೋವಿ ನಿಮ್ಮ ಮನೆಗಾಗಲಿ ನೆರೆಮನೆಗಾಗಲಿ ಕಣ್ಣೀರು ತರದಿರಲಿ.